ಎಕ್ಕಿಹಾಳದ ಹಂದರ

ಗಜೇಂದ್ರಗಡ, ತಾಲ್ಲೂಕು ರೋಣ
೧೨ ಜೂನ್ ೧೯೩೫

ತಂಗಿ ಶೇಖರಮ್ಮನಿಗೆ ಅಣ್ಣ ಕಳಕಪ್ಪನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಹತ್ತಿಯ ವ್ಯಾಪಾರ ಮುಗಿದು ಅಂಗಡಿ ಬರಿದಾಗಿದೆ, ನನಗೂ ಕೈ ಬಿಡುವಾಗಿದೆ. ನಿನ್ನ ಅತ್ತಿಗೆ ಕಸ್ತೂರೆಮ್ಮ ಚೆನ್ನಾಗಿದ್ದಾಳೆ. ಮಗಳು ಅನ್ನಮ್ಮ ಕನ್ನಡ ಸಾಲೆಯಲ್ಲಿ ಮೂರನೆಯ ಇಯತ್ತೆಗೆ ಬಂದಿದ್ದಾಳೆ. ಸಾಲೆಯ ಗೋಡೆಯ ಮೇಲಿನ ನಕಾಶೆಯಲ್ಲಿ ಅತ್ತಿಯ ಊರು ಎಲ್ಲಿದೆ ಎಂದು ಹುಡುಕಿ ಸೋತು ಬರುತ್ತಾಳೆ. ನಕಾಶೆ ಮಾಡಿದವರು ನಿಮ್ಮ ಸೀಮೆಗೆ ಹಳದಿ ಬಣ್ಣ ಬಳಿದು ಹಾಗೇ ಬಿಟ್ಟಿದ್ದಾರೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಗದಗಿನ ಒಂದು ವಾರಪತ್ರಿಕೆಯವರು ನನ್ನಿಂದ ಲೇಖನಮಾಲೆ ಕೇಳಿದ್ದಾರೆ. ಇಂಗ್ರೇಜರ ಆಳ್ವಿಕೆಯ ನಮ್ಮ ಧಾರವಾಡ ಜಿಲ್ಲೆ ಮತ್ತು ನಿಜಾಮರ ಆಳ್ವಿಕೆಯ ನಿಮ್ಮ ಮೊಗಲಾಯಿ, ಈ ಎರಡು ನೆರೆರಾಜ್ಯಗಳ ನೆಲ, ನೀರು, ದಾರಿ, ಸಾಲೆ, ಜನರ ನಡತೆ, ಇವುಗಳ ಹೋಲಿಕೆ. ಇಂಗ್ರೇಜರು ಪರಕೀಯರು ನಿಜ. ನಾನು ಖಾದಿ ಉಟ್ಟು ಅವರನ್ನು ಬೈಯುವವನೇ. ಆದರೂ ನಮ್ಮಲ್ಲಿ ಕಾನೂನು ಎಂಬುದಿದೆ. ಗಡಿ ದಾಟಿದರೆ ನೂರು ವರ್ಷ ಹಿಂದಕ್ಕೆ ಬಿದ್ದಂತೆ. ನೀನು ಇಪ್ಪತ್ತು ವರ್ಷಕ್ಕೂ ಮೇಲಾಗಿ ಅಲ್ಲಿ ಬಾಳಿದವಳು. ಕಂಡದ್ದನ್ನು ಕಂಡ ಹಾಗೆ ಬರೆ. ಗಂಡನ ಮನೆಯ ಮರ್ಯಾದೆ ಎಂದು ಮುಚ್ಚಿಡಬೇಡ.

ಅಪ್ಪ ನಿನ್ನನ್ನು ಅಷ್ಟು ಚಿಕ್ಕವಳಿದ್ದಾಗ ಆ ಕತ್ತಲೆಗೆ ಕೊಟ್ಟದ್ದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆಗ ನನ್ನ ಕೈಯಲ್ಲಿ ಮನೆ ಇದ್ದಿದ್ದರೆ ಆ ಮದುವೆ ನಡೆಯುತ್ತಿರಲಿಲ್ಲ.

ನಿನ್ನ ಅಣ್ಣ,
ಕಳಕಪ್ಪ


ಎಕ್ಕಿಹಾಳ, ತಾಲ್ಲೂಕು ಯಲಬುರ್ಗಾ
೨ ಜುಲೈ ೧೯೩೫

ಅಣ್ಣನಿಗೆ ಶರಣು.

ನಿನ್ನ ಕಾಗದ ಎರಡು ಸರಕಾರಗಳ ಟಪ್ಪಾಲು ದಾಟಿ ಬರುವಷ್ಟರಲ್ಲಿ ಒಮ್ಮೆ ನೆನೆದು ಒಮ್ಮೆ ಒಣಗಿತ್ತು. ನಮ್ಮ ಮನೆಯವರಿಗೆ ಅಂಗಡಿಯ ಲೆಕ್ಕ ಬಿಟ್ಟರೆ ಓದು ಬಾರದು. ನಾನೇ ಹಿತ್ತಿಲಲ್ಲಿ ಕೂತು ಎರಡು ಸಲ ಓದಿದೆ.

ಕೇಳಿದ್ದಕ್ಕೆ ಕಂಡಷ್ಟು ಬರೆಯುತ್ತೇನೆ. ನೀನು ಗಡಿ ಎನ್ನುವುದು ನಮ್ಮೂರ ಪಡುವಣಕ್ಕೆ, ಹುಚ್ಚೀರಪ್ಪ ಎಂಬುವನ ಎರೆ ಹೊಲದ ನಡುವೆ ನಿಂತ ಒಂದು ಕಲ್ಲು. ಅರ್ಧ ಹೊಲ ನಿಮ್ಮ ಸರಕಾರದ್ದು, ಅರ್ಧ ನಮ್ಮದು. ಅವನು ಕುಂಟೆ ಹೊಡೆಯುವಾಗ ಎತ್ತುಗಳು ಕಲ್ಲು ಸುತ್ತಿ ಹೋಗುತ್ತವೆ, ಅಷ್ಟೇ. ಎರಡೂ ಕಡೆ ಒಂದೇ ಮಣ್ಣು, ಒಂದೇ ಬಿಳಿಜೋಳ. ಕಲ್ಲಿನ ಆಚೆ ನಿಮ್ಮ ದಾರಿಗೆ ಖಡಿ ಹಾಕಿದ್ದಾರೆ. ಈಚೆ ಮಳೆಗಾಲದಲ್ಲಿ ಬಂಡಿಯ ಗಾಲಿ ಅಚ್ಚಿನವರೆಗೆ ಹೂಳುತ್ತದೆ. ಸುಂಕದ ನಾಕೆಯವರು ಬಾಣಂತಿಯ ಮಡಿಲಕ್ಕಿಯನ್ನೂ ಬಿಚ್ಚಿ ನೋಡುತ್ತಾರೆ. ಸಾಲೆ ಗಂಡುಹುಡುಗರಿಗೆ ಮಾತ್ರ, ಅದೂ ಉರ್ದುವಿನಲ್ಲಿ. ಮಕ್ಕಳು ಪಾಠವನ್ನು ಹಾಡಿನಂತೆ ಒದರುತ್ತಾರೆ, ಅರ್ಥ ಕೇಳಿದರೆ ನಗುತ್ತಾರೆ. ಕಚೇರಿಯಿಂದ ಕಾಗದ ಬಂದರೆ ಓದಿಸಲು ಕುಕನೂರಿಗೆ ಹೋಗಬೇಕು. ಗಂಗಾವತಿಯ ಕಡೆ ಹಳೆಯ ಕಾಲುವೆಗಳ ಕೆಳಗೆ ನೆಲ್ಲು ಬೆಳೆಯುತ್ತಾರೆ, ಕುಷ್ಟಗಿಯ ಕಡೆ ಕೆಂಪು ಮಸಾರಿ ನೆಲ, ಸಜ್ಜೆ. ನಮ್ಮ ಸೀಮೆಯ ಪಡುವಣಕ್ಕೆ ನಿಮ್ಮ ಜಿಲ್ಲೆ. ತೆಂಕಣಕ್ಕೆ ತುಂಗಭದ್ರೆ ದಾಟಿದರೆ ಬಳ್ಳಾರಿ ಜಿಲ್ಲೆ, ಅದೂ ಇಂಗ್ರೇಜರದೇ. ನಾವು ಎರಡು ಹಲಗೆಗಳ ನಡುವಿನ ಸಂದಿಯಲ್ಲಿದ್ದೇವೆ.

ಜನರ ನಡತೆ ಕೇಳಿದ್ದೀ. ಒಂದು ಸಂಗತಿ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಹದಿನಾಲ್ಕು ತುಂಬದ ಹುಡುಗಿಗೆ ಮದುವೆ ಮಾಡಬಾರದೆಂದು ನಿಮ್ಮಲ್ಲಿ ಕಾನೂನು ಬಂತಲ್ಲ, ಅಂದಿನಿಂದ ವೈಶಾಖ ಬಂತೆಂದರೆ ನಿಮ್ಮ ಕಡೆಯ ಮದುವೆಯ ಬಂಡಿಗಳು ಕಲ್ಲು ದಾಟಿ ನಮ್ಮೂರಿಗೆ ಬರುತ್ತವೆ. ಇಲ್ಲಿ ಆ ಕಾನೂನಿಲ್ಲ. ನಮ್ಮ ಮನೆಯವರು ಊರ ಅಗಸಿಬಾಗಿಲ ಮುಂದಿನ ಬಯಲಲ್ಲಿ ಹಂದರ ಹಾಕಿಸಿದ್ದಾರೆ. ಬೆಲ್ಲ, ತುಪ್ಪ, ಪಾತ್ರೆ ಎಲ್ಲ ನಮ್ಮ ಅಂಗಡಿಯದೇ. ಗೌಡರಿಗೆ ಅವರ ಪಾಲು ಹೋಗುತ್ತದೆ.

ಈ ವರ್ಷ ಬಂದ ಒಬ್ಬ ಮದುಮಗಳು ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅಕ್ಕಿಕಾಳು ಹಾಕುವ ಮುಹೂರ್ತದ ಹೊತ್ತಿಗೆ ಕೆನ್ನೆ ತಟ್ಟಿ ಎಬ್ಬಿಸಿದರು. ಎದ್ದವಳೇ ತಿಂದ ಮಾದಲಿಯನ್ನೆಲ್ಲ ಬಾಸಿಂಗದ ಮೇಲೆ ಕಾರಿಕೊಂಡಳು. ಯಾರೋ ಸೆರಗಿನಿಂದ ಒರೆಸಿ ಹಾಗೇ ಕೂರಿಸಿದರು. ಪಕ್ಕದಲ್ಲಿ ಕೂತಿದ್ದ ಮದುಮಗ ಮೂಗು ಮುಚ್ಚಿಕೊಂಡ. ಅವನಿಗೆ ದಟ್ಟ ಮೀಸೆ ಇತ್ತು. ಬಂಡಿಗಳು ಹೋದ ಮೇಲೆ ಬಯಲ ತುಂಬ ಎಂಜಲೆಲೆ, ನಾಯಿ, ನೊಣ. ಬಾವಿಯ ನೀರಿಗೆ ಎಣ್ಣೆಯ ಪದರ ಕಟ್ಟಿತ್ತು. ಆ ನೀರು ಕುಡಿಯುವಾಗ ನನಗೆ ಆ ಮಗುವಿನ ಬಾಯಿಯೇ ಕಣ್ಣ ಮುಂದೆ ಬರುತ್ತಿತ್ತು.

ಬರೆ ಎಂದೆ, ಬರೆದಿದ್ದೇನೆ. ಅನ್ನಮ್ಮನಿಗೆ ಹೇಳು, ಹಳದಿ ಬಣ್ಣದ ಎಡ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟರೆ ಅದೇ ಅತ್ತಿಯ ಊರು.

ನಿನ್ನ ತಂಗಿ,
ಶೇಖರಮ್ಮ


ಗಜೇಂದ್ರಗಡ
೨೦ ಸೆಪ್ಟೆಂಬರ್ ೧೯೩೫

ತಂಗಿಗೆ ಆಶೀರ್ವಾದ.

ಲೇಖನ ಅಚ್ಚಾಗಿದೆ, ಇದರ ಜೊತೆ ಇಟ್ಟಿದ್ದೇನೆ. ಎರಡನೆಯ ಕಂತಿನಲ್ಲಿ ನೀನು ಬರೆದ ಮದುವೆಯ ವರ್ಣನೆ ಬಂದಿದೆ. ಓದಿದವರೆಲ್ಲ ಮೈ ಜುಮ್ಮೆಂದಿತು ಎಂದರು. ಧಾರವಾಡದ ಒಬ್ಬ ವಕೀಲರು ಅಂಗಡಿಗೇ ಬಂದು ಕೈ ಕುಲುಕಿ ಹೋದರು. ಸಮಾಜ ಸುಧಾರಣೆಯ ಸಮಿತಿಗೆ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ.

ಕಳಕಪ್ಪ


ಎಕ್ಕಿಹಾಳ
೧೧ ಅಕ್ಟೋಬರ್ ೧೯೩೫

ಅಣ್ಣನಿಗೆ ಶರಣು.

ಲೇಖನ ಓದಿದೆ. ನಿನ್ನ ಬರವಣಿಗೆ ಚೆಂದ. 'ಹಾಲುಗಲ್ಲದ ಹಸುಳೆಗಳನ್ನು ಮದುವೆಯ ಹಸೆಗೆ ನೂಕುವ ಮೊಗಲಾಯಿಯ ಮೂಢರು' ಎಂದು ಬರೆದಿದ್ದೀ. ಬಂಡಿಗಳು ನಿಮ್ಮ ಕಡೆಯಿಂದ ಬಂದವು ಎಂದು ನಾನು ಬರೆದಿದ್ದೆ. ಆ ಸಾಲು ನಿನ್ನ ಲೇಖನದಲ್ಲಿಲ್ಲ. ಹೆಗಲ ಮೇಲೆ ಮಲಗಿದ್ದ ಮಗು ನರೇಗಲ್ಲಿನ ಕಡೆಯದು. ಮೀಸೆಯ ಮದುಮಗ ರೋಣದವನು. ಹಂದರ ಮಾತ್ರ ನಮ್ಮದು.

ಹಂದರ ನಮ್ಮದು ಎಂಬುದೂ ಕಡಿಮೆ ಹೇಸಿಗೆಯಲ್ಲ. ಅದನ್ನು ನಾನು ಮುಚ್ಚಿಟ್ಟಿರಲಿಲ್ಲ. ನೀನೂ ಅಷ್ಟು ಮಾಡಬಹುದಿತ್ತು.

ನೀನು ಕಳಿಸಿದ ಕುಪ್ಪಸದ ಬಟ್ಟೆ ಬಂತು. ಬಳೆಗಾರ್ತಿ ಹುಸೇನಬೀ ತಿಂಗಳಿಗೊಮ್ಮೆ ನಿಮ್ಮೂರಿಗೂ ಬುಟ್ಟಿ ಹೊತ್ತು ಬರುತ್ತಾಳಲ್ಲ, ಅವಳ ಕೈಯಲ್ಲಿ ಅತ್ತಿಗೆಗೆ ಹಸಿರು ಬಳೆ ಕಳಿಸಿದ್ದೇನೆ.

ಶೇಖರಮ್ಮ


ಗಜೇಂದ್ರಗಡ
೮ ಜನವರಿ ೧೯೩೬

ಪ್ರೀತಿಯ ತಂಗಿ ಶೇಖರಮ್ಮನಿಗೆ ಅನೇಕ ಆಶೀರ್ವಾದ.

ಒಂದು ಸಂತೋಷದ ಸುದ್ದಿ. ಗದಗಿನ ಹತ್ತಿ ಜಿನ್ ಮಾಲೀಕರ ಮನೆಯಿಂದ ಅನ್ನಮ್ಮನನ್ನು ಕೇಳಿದ್ದಾರೆ. ಹುಡುಗ ಓದಿದವನು, ಇಪ್ಪತ್ತೆಂಟು. ಮೊದಲ ಹೆಂಡತಿ ಹೋದ ವರ್ಷ ತೀರಿಕೊಂಡಳು, ಮಕ್ಕಳಿಲ್ಲ. ಅಂಥ ಮನೆ ನಮ್ಮ ಬಾಗಿಲಿಗೆ ಬರುವುದು ಮತ್ತೊಮ್ಮೆ ಆಗುವ ಮಾತಲ್ಲ. ನನ್ನ ಹತ್ತಿಯೆಲ್ಲ ಅವರ ಜಿನ್ನಿಗೇ ಹೋಗುವುದು ನಿನಗೆ ಗೊತ್ತು. ಅವರು ಈ ವೈಶಾಖ ದಾಟಿಸಲು ಒಪ್ಪುವುದಿಲ್ಲ. ನಾನು ಮಾತು ಕೊಟ್ಟಿದ್ದೇನೆ.

ಅನ್ನಮ್ಮನಿಗೆ ಈಗ ಹತ್ತು. ಇಲ್ಲಿ ಕಾನೂನಿನ ಅಡ್ಡಿ. ಅದರ ಮೇಲೆ ನಾನು ಸಮಿತಿಯ ಕಾರ್ಯದರ್ಶಿ. ಇಲ್ಲಿ ಮಾಡಿದರೆ ಕಾನೂನು ಮುರಿದಂತಾಗುತ್ತದೆ, ಅದು ನನ್ನಿಂದ ಆಗದು. ನಿಮ್ಮಲ್ಲಿ ಮಾಡಿದರೆ ಯಾವ ಕಾನೂನೂ ಮುರಿದಂತಾಗುವುದಿಲ್ಲ. ಅಕ್ಕಿಕಾಳು ಬಿದ್ದ ಮೇಲೆ ಹುಡುಗಿ ದೊಡ್ಡವಳಾಗುವವರೆಗೆ ನಮ್ಮ ಮನೆಯಲ್ಲೇ ಇರುತ್ತಾಳೆ, ಸಾಲೆಗೂ ಹೋಗುತ್ತಾಳೆ. ಇದು ಹೆಸರಿಗಷ್ಟೇ ಮದುವೆ. ನಿನ್ನ ಗಂಡ ಕರಿಬಸಪ್ಪನವರ ಹಂದರವಿದೆ, ನೀನಿದ್ದೀ, ಹೆಚ್ಚು ಜನಕ್ಕೆ ಹೇಳುವುದಿಲ್ಲ. ಕಸ್ತೂರೆಮ್ಮನಿಗೆ ಸಂತೋಷವಾಗಿದೆ.

ನಿನ್ನ ಅಣ್ಣ,
ಕಳಕಪ್ಪ


ಎಕ್ಕಿಹಾಳ
೧೯ ಜನವರಿ ೧೯೩೬

ಅಣ್ಣಾ,

ನಿನ್ನ ಕಾಗದ ಓದಿದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅದನ್ನು ಇಳಿಸಿಟ್ಟು ಹಿತ್ತಿಲಿಗೆ ಎದ್ದು ಹೋದೆ.

ನನ್ನ ಮದುವೆಯಾದಾಗ ನನಗೆ ಒಂಬತ್ತು, ನಿನಗೆ ಹದಿನೈದು. ಬಂಡಿಯ ಹಿಂದೆ ಅಗಸಿಯವರೆಗೆ ಓಡಿ ಬಂದು ಅತ್ತವನು ನೀನು. ಆಮೇಲೆ ಏನಾಯಿತೆಂದು ನೀನು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹದಿಮೂರಕ್ಕೆ ನನ್ನ ಹೆರಿಗೆ. ಎರಡು ಹಗಲು ಎರಡು ರಾತ್ರಿ. ಸೂಲಗಿತ್ತಿ ಕೊನೆಗೆ ಮಗುವನ್ನು ತುಂಡಾಗಿ ತೆಗೆದಳು. ಅತ್ತೆ ಅದನ್ನು ಮೊರದಲ್ಲಿ ಹಾಕಿ ಮೇಲೆ ಬೂದಿ ಸುರಿದು ಒಯ್ದರು. ಮತ್ತೆ ನನಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಎಲ್ಲರೂ ಇದನ್ನು ನನ್ನ ಹಣೆಬರಹ ಎಂದರು. ಹೆಸರಿಗಷ್ಟೇ ಮದುವೆ ಎಂದು ಅಪ್ಪನೂ ಹೇಳಿದ್ದ.

ಅನ್ನಮ್ಮನನ್ನು ಆ ಹಂದರದಲ್ಲಿ ನಾನು ಕೂರಿಸಲಾರೆ. ಆ ಮನೆಯವರಿಗೆ ಮಾತು ಕೊಟ್ಟವನು ನೀನು, ನೀನೇ ಹಿಂದಕ್ಕೆ ತೆಗೆದುಕೊ.

ಶೇಖರಮ್ಮ


ಗಜೇಂದ್ರಗಡ
೩೦ ಜನವರಿ ೧೯೩೬

ಶೇಖರಮ್ಮನಿಗೆ,

ನಿನಗಾದ ದುಃಖಕ್ಕೆ ನಾನು ಮರುಗುತ್ತೇನೆ. ಆದರೆ ಅದು ಮೊಗಲಾಯಿಯ ಸೂಲಗಿತ್ತಿಯ ಕೈಗುಣ. ಗದಗಿನಲ್ಲಿ ಮಿಶನ್ ಆಸ್ಪತ್ರೆ ಇದೆ, ಡಾಕ್ಟರಿದ್ದಾರೆ. ಎರಡು ಸೀಮೆಗಳ ವ್ಯತ್ಯಾಸವೇ ಇದು.

ಕರಿಬಸಪ್ಪನವರು ಮೊನ್ನೆ ಸಂತೆಗೆ ಬಂದಾಗ ಎಲ್ಲ ಮಾತಾಡಿ ಒಪ್ಪಿದ್ದಾರೆ. ಹಂದರಕ್ಕೆ ಹೊಸ ಬಟ್ಟೆ ಕಟ್ಟಿಸುತ್ತಾರಂತೆ. ಗಂಡ ಒಪ್ಪಿದ ಮೇಲೆ ನಿನ್ನ ಹಟಕ್ಕೆ ಅರ್ಥವಿಲ್ಲ. ಬೇಡವೆನಿಸಿದರೆ ಮನೆಯೊಳಗೇ ಇದ್ದುಬಿಡು. ಮದುವೆ ನಡೆಯುತ್ತದೆ.

ಕಳಕಪ್ಪ


ಎಕ್ಕಿಹಾಳ
೨೧ ಫೆಬ್ರವರಿ ೧೯೩೬

ಪೂಜ್ಯ ಅಣ್ಣನವರಿಗೆ ಶೇಖರಮ್ಮನ ಶರಣು ಶರಣಾರ್ಥಿ.

ಸಿಟ್ಟಿನಲ್ಲಿ ಏನೇನೋ ಬರೆದೆ. ನೀವು ಹಿರಿಯರು, ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ನಮ್ಮ ಮನೆಯವರೂ ತಿಳಿಸಿ ಹೇಳಿದರು. ನಡೆಯುವುದು ಹೇಗೂ ನಡೆಯುತ್ತದೆ, ನನ್ನ ಕೈಯಿಂದ ನಡೆಯಲಿ.

ಒಂದೇ ಕೇಳಿಕೆ. ಯುಗಾದಿ ಮುಗಿದ ಕೂಡಲೇ ಅನ್ನಮ್ಮನನ್ನು ಇಲ್ಲಿಗೆ ಕಳಿಸಿಕೊಡಿ. ನನಗೆ ಹೆಣ್ಣುಮಕ್ಕಳಿಲ್ಲ. ಎಣ್ಣೆ ಹಚ್ಚಿ ಎರೆದು, ನಾಲ್ಕು ದಿನ ಉಣಿಸಿ ತಿನಿಸಿ ಮದುಮಗಳು ಮಾಡುವ ಆಸೆ. ಮದುವೆಗೆ ಮೊದಲು ಹುಲಿಗೆಮ್ಮನಿಗೆ ಉಡಿ ತುಂಬಿಸುವುದು ನಮ್ಮ ಮನೆಯ ನಡೆ. ಅದಕ್ಕೂ ಕರೆದುಕೊಂಡು ಹೋಗುತ್ತೇನೆ.

ನಿಮ್ಮ ತಂಗಿ,
ಶೇಖರಮ್ಮ


ಗಜೇಂದ್ರಗಡ
೨೮ ಫೆಬ್ರವರಿ ೧೯೩೬

ತಂಗಿ ಶೇಖರಮ್ಮನಿಗೆ ತುಂಬು ಮನಸ್ಸಿನ ಆಶೀರ್ವಾದ.

ನಿನ್ನ ಕಾಗದ ಓದಿ ಎದೆ ಹಗುರಾಯಿತು. ಯಾವಾಗಲೂ ನೀನು ಎನ್ನುತ್ತಿದ್ದವಳು ಈ ಸಲ ನೀವು ಎಂದು ಬರೆದಿದ್ದೀ. ಹಿರಿಯಣ್ಣನ ಸ್ಥಾನ ಈಗ ನಿನಗೆ ತಿಳಿದಂತಿದೆ. ಅನ್ನಮ್ಮನನ್ನು ಆಳಿನ ಜೊತೆ ಬಂಡಿಯಲ್ಲಿ ಕಳಿಸುತ್ತೇನೆ. ಮದುವೆಯ ಸೀರೆಯೂ ಅದರಲ್ಲೇ ಬರುತ್ತದೆ. ಕಳಿಸುವ ಮಾತೆತ್ತಿದ ಕೂಡಲೇ ಕಸ್ತೂರೆಮ್ಮ ಒಪ್ಪಿದಳು. ಒಂದು ಹನಿ ಕಣ್ಣೀರೂ ಹಾಕಲಿಲ್ಲ.

ಕಳಕಪ್ಪ


ಹೊಸಪೇಟೆ, ಜಿಲ್ಲಾ ಬಳ್ಳಾರಿ
೧೪ ಏಪ್ರಿಲ್ ೧೯೩೬

ಅಣ್ಣನವರಿಗೆ,

ಈ ಕಾಗದ ಹೊಸಪೇಟೆಯಿಂದ ಬಂದದ್ದು ನೋಡಿ ನಿಮಗೆ ಅರ್ಧ ತಿಳಿದಿರಬೇಕು. ಅನ್ನಮ್ಮ ಇಲ್ಲಿ ನಮ್ಮ ಚಿಗವ್ವನ ಮನೆಯಲ್ಲಿದ್ದಾಳೆ. ನಾನೇ ಕರೆತಂದೆ.

ಭಾನಾಪುರದಲ್ಲಿ ರೈಲು ಹತ್ತಿ ಹುಲಿಗಿಗೆ ಬಂದೆವು. ನಮ್ಮ ಮನೆಯವರು ಒಬ್ಬ ಆಳನ್ನು ಜೊತೆಗೆ ಕೊಟ್ಟಿದ್ದರು. ಗುಡಿಯಲ್ಲಿ ಅವನಿಗೆ ಗಂಟು ಕಾಯಲು ಹೇಳಿ, ಹೊಳೆಯಲ್ಲಿ ಮೈ ತೊಳೆದು ಬರುತ್ತೇವೆಂದು ಇಬ್ಬರೂ ಇಳಿದೆವು. ದಂಡೆಯಲ್ಲಿ ಹರಿಗೋಲಿನವರು ಆಚೆಗೆ ಜನ ತುಂಬಿಸುತ್ತಿದ್ದರು. ನಮ್ಮನ್ನೂ ಕೂರಿಸಿಕೊಂಡರು.

ನಡು ಹೊಳೆಯಲ್ಲಿ ಹರಿಗೋಲು ಗಿರಗಿರ ತಿರುಗಿತು. ಅನ್ನಮ್ಮ ನನ್ನ ಸೆರಗು ಹಿಡಿದು ಕೇಳಿದಳು: "ಅತ್ತೀ, ಈಗ ನಾವು ಯಾರ ಸೀಮ್ಯಾಗ ಅದೀವಿ?"

"ನೀರಾಗ ಅದೀವಿ. ಸುಮ್ಮನ ಕೂಡು," ಅಂದೆ.

ಆಚೆಯ ಮರಳಿನಲ್ಲಿ ಕೂತು ಎಲ್ಲ ಹೇಳಿದೆ. ಮದುವೆ ಬೇಕೇನು ನಿನಗೆ ಎಂದು ಕೇಳಿದೆ. ಅವಳು, ಆ ಸೀರೆಯನ್ನು ಎಕ್ಕಿಹಾಳದಲ್ಲೇ ಬಿಟ್ಟು ಬಂದೆವಲ್ಲ ಎಂದಳು. ಅಷ್ಟೇ ಅವಳಿಗೆ ತಿಳಿದಿದ್ದ ಮದುವೆ.

ಹೊಳೆಯ ಈ ದಂಡೆ ಇಂಗ್ರೇಜರದು. ನಿಮ್ಮೂರಿನಲ್ಲಿರುವ ಕಾನೂನೇ ಇಲ್ಲಿಯೂ ಇದೆ. ಚಿಗವ್ವನ ಓಣಿಯಲ್ಲಿ ಹೆಣ್ಣುಮಕ್ಕಳ ಸಾಲೆ ಇದೆ, ಅಲ್ಲಿ ಪಾಠ ಹೇಳುವ ದೊಡ್ಡ ಬಾಯಿಯವರಿಗೆ ವಿಷಯ ತಿಳಿಸಿದ್ದೇನೆ. ಬಂದು ಕರೆದೊಯ್ಯುವುದಾದರೆ ಹಗಲಿನಲ್ಲಿ, ನಾಲ್ಕು ಜನರೆದುರು, ಯಾಕೆ ಒಯ್ಯುತ್ತೀರೆಂದು ಹೇಳಿ ಕರೆದೊಯ್ಯಿರಿ. ಚಿಗವ್ವ ನಿಮಗೂ ಚಿಗವ್ವನೇ. ಅವರೆದುರು ನಿಂತು ಹೇಳಿರಿ.

ನಾನು ನಾಳೆ ಎಕ್ಕಿಹಾಳಕ್ಕೆ ಹೊರಡುತ್ತೇನೆ. ನಮ್ಮ ಮನೆಯವರಿಗೆ ನಾನೇ ಉತ್ತರ ಕೊಡಬೇಕು.

ಶೇಖರಮ್ಮ


ಗಜೇಂದ್ರಗಡ
೨೦ ಏಪ್ರಿಲ್ ೧೯೩೬

ಶೇಖರಮ್ಮ,

ನಿನಗೆ ತಂಗಿ ಎಂದು ಬರೆಯಲು ಕೈ ಬರುವುದಿಲ್ಲ. ಹೆತ್ತವರ ಮಡಿಲಿನಿಂದ ಕೂಸನ್ನು ಕದ್ದಿದ್ದೀ. ಕಸ್ತೂರೆಮ್ಮ ಸುದ್ದಿ ಕೇಳಿದ ದಿನದಿಂದ ಬಾಯಿ ಬಿಟ್ಟಿಲ್ಲ. ತಾಯಿಯ ಕರುಳಿಗೆ ಬೆಂಕಿ ಇಟ್ಟ ಪಾಪ ನಿನ್ನದು.

ಹೊಸಪೇಟೆಗೆ ಬಂದು ಬೀದಿಯಲ್ಲಿ ಜಗಳ ಮಾಡಲು ನನ್ನ ಸ್ಥಾನ ಬಿಡುವುದಿಲ್ಲ, ಅದು ನಿನಗೆ ಗೊತ್ತಿದ್ದೇ ಹೀಗೆ ಮಾಡಿದ್ದೀ. ಓದಿಸಲು ನಾನೇ ಕಳಿಸಿದ್ದೇನೆ ಎಂದು ಇಲ್ಲಿ ಹೇಳಿಕೊಳ್ಳಬೇಕಾಗಿದೆ. ಆದರೆ ಗೆದ್ದೆ ಎಂದು ಬೀಗಬೇಡ. ಜಿನ್ ಮಾಲೀಕರ ಮುಂದೆ ನನ್ನ ಮಾತು ಬೀಳದ ಹಾಗೆ ಕರಿಬಸಪ್ಪನವರೂ ನಾನೂ ಬೇರೆ ಏರ್ಪಾಡು ಮಾಡಿದ್ದೇವೆ.

ಕಳಕಪ್ಪ


ಎಕ್ಕಿಹಾಳ
೧೦ ಮೇ ೧೯೩೬

ಕಳಕಪ್ಪನವರಿಗೆ,

ನಿಮ್ಮ ಬೇರೆ ಏರ್ಪಾಡನ್ನು ನೋಡಿದೆ. ಮಾಳಿಗೆಯ ಮೇಲಿನಿಂದ ಹಂದರ ಪೂರ್ತಿ ಕಾಣುತ್ತದೆ.

ಗದಗಿನವರು ಮೋಟಾರಿನಲ್ಲಿ ಬಂದಿಳಿದ ದಿನ ಬೆಳಿಗ್ಗೆ ಹುಚ್ಚೀರಪ್ಪನ ಮಗಳು ಫಕೀರಮ್ಮ ದಾರಿಯ ಸಗಣಿ ಬಳಿಯುತ್ತಿದ್ದಳು. ಎಂಟು ವರ್ಷದ ಕೂಸು. ಅಲ್ಲಿಂದಲೇ ಕರೆತಂದರು. ಮೊಣಕೈವರೆಗಿನ ಸಗಣಿಯನ್ನು ನಮ್ಮ ಹಿತ್ತಿಲಿನ ಬಾನಿಯಲ್ಲಿ ತೊಳೆದು, ಅನ್ನಮ್ಮನಿಗೆಂದು ತಂದಿದ್ದ ಸೀರೆಯನ್ನು ಅವಳಿಗೆ ಸುತ್ತಿದರು. ಸೀರೆ ಉದ್ದವಾಗಿ ಅವಳು ಎರಡು ಸಲ ಎಡವಿ ಬಿದ್ದಳು. ನೋಡಿದವರು ನಕ್ಕರು. ಗಡಿ ಕಲ್ಲಿನ ಹೊಲದವನ ಮಗಳು ಗದಗಿನ ಮಾಳಿಗೆ ಮನೆಗೆ ಹೋಗುತ್ತಾಳೆಂದು ಅವಳ ತಾಯಿ ಎಲ್ಲರ ಕಾಲಿಗೆ ಬೀಳುತ್ತಿದ್ದಳು.

ನಾನು ಇಳಿದು ಹೋಗಿ ನಮ್ಮ ಮನೆಯವರನ್ನು ತಡೆದು ಕೇಳಿದೆ, ಈ ಕೂಸಿನ ಪಾಪ ಯಾರ ತಲೆಯ ಮೇಲೆ ಎಂದು. ಅವರು ತುಪ್ಪದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಸಿಟ್ಟೂ ಮಾಡಲಿಲ್ಲ. "ಹಂದರ ಹಾಕಿ ಆಗೇತಿ. ಅದರಾಗ ಕೂಡೋ ಹುಡುಗಿ ಯಾರಾದ್ರೇನು," ಅಂದರು. ಆಮೇಲೆ ನನ್ನನ್ನು ಮಾಳಿಗೆಗೆ ಹತ್ತಿಸಿ ಬಾಗಿಲು ಹಾಕಿಸಿದರು.

ಅಕ್ಕಿಕಾಳು ಬೀಳುವಾಗ ನೀವು ಮುಂದಿನ ಸಾಲಿನಲ್ಲಿದ್ದಿರಿ, ಬಿಳಿ ಖಾದಿ ಉಟ್ಟು. ಎಲ್ಲರಿಗಿಂತ ಮೊದಲು ಕೈ ಎತ್ತಿ ಹಾಕಿದವರು ನೀವು. ಒಂದು ಸಲ ಮಾಳಿಗೆಯ ಕಡೆ ನೋಡಿದಿರಿ. ನಿಮಗೆ ನಾನು ಕಂಡೆನೋ ಇಲ್ಲವೋ ಗೊತ್ತಿಲ್ಲ.

ನಿಮ್ಮ ಸೀಮೆ ದೊಡ್ಡದೋ ನಮ್ಮ ಸೀಮೆ ದೊಡ್ಡದೋ ಎಂಬ ಲೆಕ್ಕ ನನಗೆ ಬೇಡವಾಗಿದೆ. ನಿಮ್ಮವರಿಗೆ ಕಾನೂನು ಇದೆ, ಅದನ್ನು ಉಗುಳಲು ನಮ್ಮ ಅಂಗಳ ಬೇಕು. ನಮ್ಮವರು ಆ ಉಗುಳಿಗೆ ತಟ್ಟೆ ಹಿಡಿದು ವ್ಯಾಪಾರ ಮಾಡುತ್ತಾರೆ. ಒಬ್ಬಳನ್ನು ಹೊಳೆ ದಾಟಿಸಿದೆ ಎಂದುಕೊಂಡಿದ್ದೆ. ಇನ್ನೊಬ್ಬಳು ಆ ಜಾಗದಲ್ಲಿ ಕೂತಳು. ಆ ತುಪ್ಪದ ವಾಸನೆ ನನ್ನ ಬಟ್ಟೆಯಿಂದಲೂ ಹೋಗುತ್ತಿಲ್ಲ.

ನಾನು ಹೊಸಪೇಟೆಗೆ ಹೋಗುತ್ತಿದ್ದೇನೆ. ತಿರುಗಿ ಬರುವುದಿಲ್ಲವೆಂದು ಮನೆಯವರಿಗೆ ಹೇಳಿದ್ದೇನೆ. ಅವರು ತಡೆಯಲಿಲ್ಲ.

ಶೇಖರಮ್ಮ


ಗಜೇಂದ್ರಗಡ
೧೭ ನವೆಂಬರ್ ೧೯೩೮

ಶೇಖರಮ್ಮನಿಗೆ,

ಎರಡು ವರ್ಷದಿಂದ ಮೂರು ಕಾಗದ ಬರೆದೆ, ಉತ್ತರವಿಲ್ಲ. ಆದರೂ ಹಿರಿಯನಾಗಿ ಬರೆಯುತ್ತಿದ್ದೇನೆ.

ಕಾನೂನು ಈಗ ಬಿಗಿಯಾಗಿದೆ. ನಮ್ಮವರು ಗಡಿ ದಾಟಿ ಹೋಗಿ ಮದುವೆ ಮಾಡಿದರೂ ಇನ್ನು ಶಿಕ್ಷೆ ತಪ್ಪದು. ಇದನ್ನು ಸ್ವಾಗತಿಸಿ ಸಮಿತಿಯ ಸಭೆಯಲ್ಲಿ ನಾನು ಒಂದು ತಾಸು ಮಾತಾಡಿದೆ. ಕರಿಬಸಪ್ಪನವರ ಹಂದರಕ್ಕೆ ಈಗ ಗಿರಾಕಿ ಇಲ್ಲ. ಅವರು ಎರಡನೆಯ ಮದುವೆ ಮಾಡಿಕೊಂಡದ್ದು ನಿನಗೆ ತಿಳಿದಿರಬೇಕು. ಕುಷ್ಟಗಿ ಕಡೆಯ ಹುಡುಗಿ, ಹನ್ನೆರಡು ವರ್ಷದವಳಂತೆ. ನೀನು ಬಿಟ್ಟು ಹೋದ ಮೇಲೆ ಅವರಾದರೂ ಏನು ಮಾಡಬೇಕು?

ಅನ್ನಮ್ಮ ಓದುತ್ತಿರಲಿ. ಅವಳ ಸಾಲೆಯ ವಿಷಯ ನಾನು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳುತ್ತೇನೆ. ಕಸ್ತೂರೆಮ್ಮನಿಗೆ ಹುಲಿಗೆಮ್ಮನ ಮೇಲೆ ಭಕ್ತಿ ಹೆಚ್ಚಾಗಿದೆ. ವರ್ಷಕ್ಕೊಮ್ಮೆ ಹೋಗಿ, ಹಾಗೇ ಹೊಳೆ ದಾಟಿ ಮಗಳನ್ನೂ ನೋಡಿ ಬರುತ್ತಾಳೆ. ನಿನ್ನನ್ನು ಕಂಡರೆ ಅವಳಿಗೆ ಎಷ್ಟು ಸಂಕಟವಾಗುತ್ತದೋ. ನನ್ನ ಮುಂದೆ ಏನೂ ಹೇಳುವುದಿಲ್ಲ.

ಕಳಕಪ್ಪ


ಗಜೇಂದ್ರಗಡ
೬ ಆಗಸ್ಟ್ ೧೯೪೫

ಪ್ರೀತಿಯ ತಂಗಿ ಶೇಖರಮ್ಮನಿಗೆ ಆಶೀರ್ವಾದ.

ಒಂಬತ್ತು ವರ್ಷ ನೀನು ಒಂದು ಸಾಲು ಬರೆದಿಲ್ಲ. ಹಳೆಯದನ್ನೆಲ್ಲ ಮರೆಯೋಣ. ನಾನು ಲೋಕಲ್ ಬೋರ್ಡಿನ ಚುನಾವಣೆಗೆ ನಿಂತಿದ್ದೇನೆ. ನನ್ನ ಬಗ್ಗೆ ಮಿತ್ರರು ಒಂದು ಕಿರುಪುಸ್ತಕ ಅಚ್ಚು ಮಾಡಿಸಿದ್ದಾರೆ, ಜೊತೆಗೆ ಕಳಿಸಿದ್ದೇನೆ. ಅನ್ನಮ್ಮ ಈಗ ಹೊಸಪೇಟೆಯ ಸಾಲೆಯಲ್ಲಿ ಬಾಯಿಯವರಾಗಿದ್ದಾಳೆಂದು ಕಸ್ತೂರೆಮ್ಮನಿಂದ ತಿಳಿಯಿತು. ಅದನ್ನೂ ಸೇರಿಸಿದ್ದಾರೆ.

ಬರುವ ತಿಂಗಳು ಇಲ್ಲಿ ದೊಡ್ಡ ಸಭೆ. ಅನ್ನಮ್ಮ ನನ್ನ ಪಕ್ಕದಲ್ಲಿ ಕೂತು ನಾಲ್ಕು ಮಾತಾಡಬೇಕು. ನೀನೂ ಬಾ. ಇಬ್ಬರನ್ನೂ ಕರೆತರಲು ಕಸ್ತೂರೆಮ್ಮನನ್ನೇ ಕಳಿಸುತ್ತಿದ್ದೇನೆ.

ನಿನ್ನ ಅಣ್ಣ,
ಕಳಕಪ್ಪ


ಹೊಸಪೇಟೆ
೨೯ ಆಗಸ್ಟ್ ೧೯೪೫

ಕಳಕಪ್ಪನವರಿಗೆ,

ಅತ್ತಿಗೆ ಬಂದು ಎಂಟು ದಿನವಾಯಿತು. ಪುಸ್ತಕವನ್ನು ಅನ್ನಮ್ಮ ನಮ್ಮಿಬ್ಬರಿಗೂ ಓದಿ ಹೇಳಿದಳು. ದೊಡ್ಡ ಮನೆತನದ ಸಂಬಂಧ ಬಾಗಿಲಿಗೆ ಬಂದರೂ ಮಗಳ ಎಳೆಯ ವಯಸ್ಸು ನೋಡಿ ತಿರಸ್ಕರಿಸಿದಿರಂತೆ. ಜನ ಆಡಿಕೊಂಡರೂ ಅಂಜದೆ ಅವಳನ್ನು ಹೊಳೆಯಾಚೆ ಓದಲು ಕಳಿಸಿದಿರಂತೆ. ಮೊಗಲಾಯಿಯ ನರಕದಲ್ಲಿ ಬಿದ್ದಿದ್ದ ತಂಗಿಯನ್ನೂ ಬಿಡಿಸಿ ತಂದಿರಂತೆ. ಆ ಸಾಲು ಬಂದಾಗ ಅನ್ನಮ್ಮ ಪುಸ್ತಕ ಮಡಚಿ ಹೊರಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದಳು. ಮತ್ತೆ ಕೂತು ಉಳಿದದ್ದನ್ನು ಓದಿದಳು.

ಫಕೀರಮ್ಮನ ಹೆಸರು ಪುಸ್ತಕದಲ್ಲೆಲ್ಲೂ ಇಲ್ಲ. ಹನ್ನೆರಡಕ್ಕೆ ಗದಗಿಗೆ ಹೋದವಳು ಹದಿನಾರಕ್ಕೆ ಸೊಂಟ ಬಿದ್ದು ತೌರಿಗೆ ಬಂದಿದ್ದಾಳೆ. ಆ ಮನೆಗೆ ಈಗ ಮೂರನೆಯವಳು ಬಂದಿದ್ದಾಳಂತೆ. ಹುಸೇನಬೀ ನೋಡಿ ಬಂದು ಹೇಳಿದಳು.

ಒಂದು ಸಂಗತಿ ನಿಮಗೆ ತಿಳಿದಿಲ್ಲ. ಮೂವತ್ತಾರನೆಯ ಇಸವಿಯಲ್ಲಿ, ಮದುವೆ ಬೇಡವೆಂದು ನಾನು ಬರೆದ ಮೇಲೆ ನನಗೂ ಕೈ ಸೋತಿತ್ತು. ಮನೆಯೊಳಗೇ ಇದ್ದುಬಿಡು ಎಂದು ನೀವು ಬರೆದಿರಲ್ಲ, ಹಾಗೇ ಇದ್ದುಬಿಡುತ್ತಿದ್ದೆನೋ ಏನೋ. ಆ ತಿಂಗಳು ಹುಸೇನಬೀ ನನಗೆ ಬಳೆ ಇಡಿಸಲು ಬಂದಳು. ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಹಿಂಡುತ್ತಾ, ಯಾರಿಗೂ ಕೇಳದ ಹಾಗೆ ಹೇಳಿದಳು, ನಿಮ್ಮ ಅತ್ತಿಗೆಯವರು ಹೀಗೇ ಬಳೆ ಇಡಿಸಿಕೊಳ್ಳುತ್ತಾ ಒಂದು ಮಾತು ಹೇಳಿ ಕಳಿಸಿದ್ದಾರೆ ಎಂದು. ಆ ಮಾತು ಇದು: "ನನ್ನ ಮಗಳನ್ನ ನಿನ್ನ ಹಂತ್ಯಾಕ ಕರಸ್ಕೊ. ಕರಸ್ಕೊಂಡ ಮ್ಯಾಲ ಯಾರಿಗೂ ಕೊಡಬ್ಯಾಡ, ನನಗೂ ಕೊಡಬ್ಯಾಡ."

ಹರಿಗೋಲಿನಲ್ಲಿ ಕೂರಿಸಿದವಳು ನಾನು. ಕೂರಿಸಲು ಹೇಳಿದವರು ಅವರು. ಮಗಳನ್ನು ಕಳಿಸುವ ಮಾತೆತ್ತಿದಾಗ ಅವರು ಕಣ್ಣೀರು ಹಾಕಲಿಲ್ಲವೆಂದು ನೀವು ಬರೆದಿದ್ದಿರಿ. ಇಷ್ಟು ವರ್ಷ ನಾನು ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಇದೇ ಬರುತ್ತಿತ್ತು, ಅವರು ನಿಮ್ಮ ಮನೆಯಲ್ಲೇ ಬಾಳಬೇಕಾಗಿತ್ತು. ಇವತ್ತು ಬರೆಯುವುದಕ್ಕೆ ಅವರೇ ಹೇಳಿದರು.

ಪುಸ್ತಕ ಓದಿ ಮುಗಿದ ಮೇಲೆ ಅತ್ತಿಗೆ ಅದನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು. ಅವರಿಗೆ ಅಕ್ಷರ ಬಾರದು. ಮೊದಲ ಪುಟದಲ್ಲಿದ್ದ ನಿಮ್ಮ ಚಿತ್ರ ನೋಡಿ ಕೆಳಗಿಟ್ಟರು. ಸಭೆಗೆ ಏನೆಂದು ಬರೆಯಲಿ ಎಂದು ಅನ್ನಮ್ಮ ಕೇಳಿದಳು. ಅವಳು ಹೋಗುವುದಿಲ್ಲ, ನಾನೂ ಬರುವುದಿಲ್ಲ, ಅದು ಮೊದಲೇ ಗೊತ್ತಿತ್ತು. ಅತ್ತಿಗೆ ನನ್ನ ಕಡೆ ತಿರುಗಿ ಹೇಳಿದರು: "ನಾನೂ ಬರೂದಿಲ್ಲ ಅಂತ ಬರಿ. ಸಭಾಕ್ಕೂ ಬರೂದಿಲ್ಲ, ಮನಿಗೂ ಬರೂದಿಲ್ಲ."

ಹೇಳಿದಂತೆ ಬರೆದಿದ್ದೇನೆ. ಅವರ ಸೀರೆಗಳಿರುವ ಟ್ರಂಕನ್ನು ರೈಲಿನಲ್ಲಿ ಹಾಕಿಸಿ ಕಳಿಸಿಕೊಡಿ. ಕೀಲಿ ಅವರ ಹತ್ತಿರವೇ ಇದೆ.

ಶೇಖರಮ್ಮ